ಇವಿ ಕಾರು ಹಿಂದಕ್ಕ ಜಗ್ಗಿದಂಗ ಆಗ್ತೈತಿ, ರೀಜೆನ್ನೋ ಬ್ರೇಕ್ ಜಾಮೋ?

ಪ್ರಶ್ನೆ: ನಮ್ದು ಗದಗ-ಬೆಟಗೇರಿ ರೀ. ಇಲೆಕ್ಟ್ರಿಕ್ ಕಾರು ತಗೊಂಡು ಎರಡು ವರ್ಷ ಆಗಾಕ ಬಂತು. ಇತ್ತಿತ್ಲಾಗ ಆಕ್ಸಿಲರೇಟರ್ ಬಿಟ್ರ ಸಾಕು, ಹಿಂದಿಂದ ಯಾರೋ ಹಿಡ್ದು ಜಗ್ಗಿದಂಗ ಆಗ್ತೈತಿ, ರೇಂಜೂ (ಒಂದು ಚಾರ್ಜಿಗೆ ಓಡೋ ದೂರ) ಕಡಿಮಿ ಬರಾಕತ್ತೇತಿ. ಶೋರೂಮ್‌ನ್ಯಾಗ ಕೇಳಿದ್ರ ಇವಿ ಅಂದ್ರ ಹಂಗ ರೀ, ಅದು ರೀಜೆನ್ ಅಂತಾರ. ಖರೇನ?

ಉತ್ತರ: ಅರ್ಧ ಖರೆ. ರೀಜೆನ್ ಅಂದ್ರ ನೀವು ಕಾಲು ತಗದ ಕೂಡ್ಲೇ ಮೋಟಾರು ಉಲ್ಟಾ ಕೆಲಸ ಶುರು ಮಾಡಿ ಡೈನಮೋ ಆಗ್ತೈತಿ, ಗಾಡಿ ಓಟ ಕಡಿಮಿ ಮಾಡಿ ಆ ಕರೆಂಟ್ ಬ್ಯಾಟರಿಗೆ ಹಾಕ್ತೈತಿ, ಅದಕ್ಕ ಜಗ್ಗಿದಂಗ ಅನ್ಸೋದು ಸಹಜ. ಆದ್ರ ಅದು ಚಾರ್ಜ್ ವಾಪಸ್ ಕೊಡೋ ಪೈಕಿ, ತಿನ್ನೋ ಪೈಕಿ ಅಲ್ಲ. ನೀವು ರೀಜೆನ್ ಲೆವೆಲ್ ಬದಲಿ ಮಾಡಿಲ್ಲ, ಓಡ್ಸೋ ರೀತಿನೂ ಅದೇ ಐತಿ, ಆದ್ರೂ ರೇಂಜ್ ಬಿದ್ದೇತಿ ಅಂದ್ರ ಬರೇ ರೀಜೆನ್ ಮ್ಯಾಲೆ ಹಾಕಿ ಕೈ ತೊಳ್ಕೊಳೋ ಮಾತು ನಾ ಒಪ್ಪಂಗಿಲ್ಲ.

ಮೊದಲ ಪುಕಟಿ ಟೆಸ್ಟ್ ಮಾಡ್ರಿ. ಅಣ್ಣಿಗೇರಿ ಕಡೆ ಹೋಗೋ ದಾರಿಯೊಳಗ ಸಪಾಟ, ಖಾಲಿ ರಸ್ತೆ ನೋಡಿ 40ರ ಸ್ಪೀಡ್‌ನ್ಯಾಗ ಕಾಲು ತಗದು ನೋಡ್ರಿ, ಆಮೇಲೆ ಅದೇ ಸ್ಪೀಡಿಗೆ ನ್ಯೂಟ್ರಲ್‌ಗೆ ಹಾಕಿ ನೋಡ್ರಿ. ನ್ಯೂಟ್ರಲ್‌ನ್ಯಾಗ ರೀಜೆನ್ ಇರಂಗಿಲ್ಲ. ಗಾಡಿ ಹಗುರಾಗಿ ಆರಾಮ ಉಳ್ಳಿಕೋಂತ ಹೋತು ಅಂದ್ರ ಶೋರೂಮ್‌ನವ್ರು ಹೇಳಿದ್ದು ಬರೋಬ್ಬರಿ. ನ್ಯೂಟ್ರಲ್‌ನ್ಯಾಗೂ ಬಡಬಡ ಸ್ಪೀಡ್ ಇಳಿತು ಅಂದ್ರ ಎಲ್ಲೋ ಏನೋ ಹಿಡ್ಕೊಂಡೈತಿ. ಇದು ಟೆಸ್ಟಿಗೆ ಮಾತ್ರ ಮತ್ತ, ಇಳಿಜಾರಿನ್ಯಾಗ ನ್ಯೂಟ್ರಲ್ ಹಾಕ್ಕೊಂಡು ಹೋಗಬ್ಯಾಡ್ರಿ. ಎರಡೂ ದಿಕ್ಕಿನ್ಯಾಗ ಮಾಡ್ರಿ, ಯಾಕಂದ್ರ ಆಷಾಢದಾಗ ಗದಗಿಂದ ಹುಬ್ಬಳ್ಳಿಗೆ ಹೊಂಟ್ರ ಗಾಳಿ ಎದುರಿಗೇ ಬರ್ತೈತಿ, ಕಪ್ಪತಗುಡ್ಡದ ಕಡೆ ಅಷ್ಟು ಗಾಳಿ ಫ್ಯಾನ್ ಸುಮ್ನ ನಿಲ್ಲಿಸಿಲ್ಲ. 80 ದಾಟಿದ ಮ್ಯಾಲೆ ಆ ಗಾಳಿನ ನಿಮ್ಮ ರೇಂಜ್ ತಿಂತೈತಿ, ಗಾಡಿದೇನೂ ತಪ್ಪಿರಂಗಿಲ್ಲ.

ಇನ್ನೊಂದು ಭಾಳ ಮಂದಿ ತಲಿ ಕೆಡ್ಸೋದು. ಮುಂಜಾನೆ ಫುಲ್ ಚಾರ್ಜ್ ಮಾಡಿ ಹೊರಬಿದ್ರ ಗಾಡಿ ಹಗುರ, ಒಂದೀಟು ಓಡಿದ ಮ್ಯಾಲೆ ಭಾರ. ಬ್ಯಾಟರಿ 100 ಪರ್ಸೆಂಟ್ ಇದ್ದಾಗ ವಾಪಸ್ ಬಂದ ಕರೆಂಟ್ ಹಾಕಾಕ ಜಾಗ ಇರಂಗಿಲ್ಲ, ಅದಕ್ಕ ಕಾರು ತಾನ ರೀಜೆನ್ ಕಡಿಮಿ ಮಾಡಿರ್ತೈತಿ, ಚಾರ್ಜ್ ಇಳಿದಂಗ ವಾಪಸ್ ಕೊಡ್ತೈತಿ. ರಿಪೇರಿ ಮಾಡೋದೇನೂ ಇಲ್ಲ. ಲೆವೆಲ್ ಬದಲಿ ಮಾಡೋ ಸೌಲಭ್ಯ ಇದ್ರ (ಈಗಿನ ಟಾಟಾ ನೆಕ್ಸಾನ್ ಇವಿಯೊಳಗ 0 ಇಂದ 3ರ ತನಕ ಐತಿ) ಒಂದು ಕೆಳಗ ಇಳಿಸಿ ಓಡ್ಸಿ ನೋಡ್ರಿ. ಮನ್ಯಾಗ ಮತ್ಯಾರರ ಓಡ್ಸಿ ಲೆವೆಲ್ ಏರಿಸಿಟ್ಟಿರ್ತಾರ, ನಿಮಗ ಗೊತ್ತೇ ಇರಂಗಿಲ್ಲ.

ಈಗ ನ್ಯೂಟ್ರಲ್‌ನ್ಯಾಗೂ ಹಿಡಿತೈತಿ ಅಂತ ಇಟ್ಕೋರಿ. ಮೊದ್ಲು ಹವಾ. ಡ್ರೈವರ್ ಬಾಗಲ ಚೌಕಟ್ಟಿನ್ಯಾಗ ಸ್ಟಿಕ್ಕರ್ ಇರ್ತೈತಿ, ಅದ್ರಾಗ ಬರೆದಷ್ಟ ಇರಲಿ, ಗಾಲಿ ತಣ್ಣಗಿದ್ದಾಗ ನೋಡ್ರಿ. ಇವಿ ತೂಕ ಜಾಸ್ತಿ, ಹವಾ ಕಡಿಮಿ ಆದ್ರ ಲಗೂನ ಗೊತ್ತಾಗ್ತೈತಿ. ಟೈರ್ ಬದಲಿ ಮಾಡಿದ ಮ್ಯಾಲೆ ಶುರುವಾಗಿದ್ರ ಟೈರೇ ಕಾರಣ ಇರಬಹುದು, ಒಂದೇ ಕಡೆ ಸವದಿದ್ರ ಅಲೈನ್‌ಮೆಂಟ್, ಅಂದ್ರ ಗಾಲಿ ನೇರ ಕುಂತಿಲ್ಲ.

ಹವಾ ಸರಿ ಇದ್ರ ನನ್ನ ಸಂಶಯ ಬ್ರೇಕ್ ಮ್ಯಾಲೆ. ಇವಿಯೊಳಗ ಓಟ ಇಳ್ಸೋ ಕೆಲಸ ಬಹುತೇಕ ರೀಜೆನ್ ಮಾಡಿಬಿಡ್ತೈತಿ, ಬ್ರೇಕ್ ಪ್ಯಾಡು, ಅದು ಹಿಡಿಯೋ ಡಿಸ್ಕು ಖಾಲಿ ಕುಂದಿರ್ತಾವ. ಮ್ಯಾಲೆ ನಮ್ಮ ಕಡೆ ಎರಿ ಮಣ್ಣು, ಮಳಿಗಾಲದಾಗ ಆ ರಾಡಿ ಕ್ಯಾಲಿಪರ್‌ಗೆ (ಪ್ಯಾಡನ್ನ ಡಿಸ್ಕಿಗೆ ಒತ್ತೋ ಭಾಗ) ಮೆತ್ಕೊಂಡು ಒಣಗ್ತೈತಿ. ಕ್ಯಾಲಿಪರ್ ಎರಡು ಪಿನ್ ಮ್ಯಾಲೆ ಜಾರಾಡಬೇಕು, ಆ ಪಿನ್ನಿನ ರಬ್ಬರ್ ಟೋಪಿ ಹರಿದಿದ್ರ ನೀರು ಹೊಕ್ಕು ತುಕ್ಕು ಹಿಡದು ಜಾಮ್ ಆಗ್ತೈತಿ, ಬ್ರೇಕ್ ಬಿಟ್ರೂ ಪ್ಯಾಡ್ ಡಿಸ್ಕ್ ಬಿಡಂಗಿಲ್ಲ. ಪತ್ತೆ ಹಚ್ಚೋದು ಸಸಾರ. ಒಂದು 15 ಕಿಲೋಮೀಟರ್ ಬ್ರೇಕ್ ಆದಷ್ಟು ಮುಟ್ಟದಂಗ ಓಡ್ಸಿ ನಿಲ್ಲಿಸಿ ಒಂದೊಂದು ಗಾಲಿ ಹತ್ರ ಅಂಗೈ ಒಯ್ರಿ. ಡಿಸ್ಕ್ ಮುಟ್ಟಬ್ಯಾಡ್ರಿ, ಚರ್ಮ ಸುಡ್ತೈತಿ. ಮೂರು ತಣ್ಣಗಿದ್ದು ಒಂದು ಕಾವು ಹೊಡಿತಿದ್ರ, ಸುಟ್ಟ ವಾಸನಿ ಬರ್ತಿದ್ರ, ಆ ಗಾಲಿ ಮ್ಯಾಲಷ್ಟ ಕರಿ ಪುಡಿ ಕುಂತಿದ್ರ, ಕಳ್ಳ ಸಿಕ್ಕ. ಹಿಂದಿನ ಎರಡೂ ಬಿಸಿ ಇದ್ರ ಪಾರ್ಕಿಂಗ್ ಬ್ರೇಕ್ ಪೂರ್ತಿ ಬಿಟ್ಟಿಲ್ಲ ಅಂತ ಅನುಮಾನ ಪಡ್ರಿ.

ಗ್ಯಾರೇಜಿನ್ಯಾಗ ಲಿಫ್ಟ್ ಮ್ಯಾಲೆ ಹಾಕಿ ಗಾಲಿ ತಿರುವಿದಾಗ ಒಂದು ಗೊಂದಲ ಆಗ್ತೈತಿ. ಮೋಟಾರ್ ಇರೋ ಕಡೆ ಗಾಲಿ ನ್ಯೂಟ್ರಲ್‌ನ್ಯಾಗೂ ಸ್ವಲ್ಪ ಬಿಗಿನ ಇರ್ತೈತಿ, ಆಚೆ ಬದಿ ಗಾಲಿ ಉಲ್ಟಾ ತಿರಗತೈತಿ, ಯಾಕಂದ್ರ ಕ್ಲಚ್ ಇಲ್ಲ, ಗೇರ್ ಯಾವಾಗ್ಲೂ ಹತ್ತೇ ಇರ್ತೈತಿ. ಅದನ್ನ ನೋಡಿ ಬ್ರೇಕ್ ಜಾಮ್ ಅಂತ ಬಿಚ್ಚಾಕ ಕುಂದರಬಾರದು. ಕರಕರ ಅಂತ ಪ್ಯಾಡ್ ಸವರೋ ಸಪ್ಪಳ, ಇಲ್ಲಾ ಗುಂಯ್ ಅನ್ನೋ ಬೇರಿಂಗ್ ಸಪ್ಪಳ ಬಂದ್ರ ಮಾತು ಬ್ಯಾರೆ.

ಜಾಮ್ ಆದ ಗಾಲಿ ಸಿಕ್ತು ಅಂದ್ರ ಬ್ಲೀಡ್ ನಟ್ (ಕ್ಯಾಲಿಪರ್‌ನಿಂದ ಬ್ರೇಕ್ ಎಣ್ಣಿ ಹೊರಗ ಬಿಡೋ ನಟ್) ಒಂದೀಟು ಸಡ್ಲ ಮಾಡಿ ನೋಡ್ಸಿರಿ. ಎಣ್ಣಿ ಚಿಮ್ಮಿ ಗಾಲಿ ತಟ್ಟನ ಬಿಟ್ರ ಪ್ರೆಶರ್ ಒಳಗ ಸಿಕ್ಕೊಂಡಿತ್ತು ಅಂತ, ಎಣ್ಣಿ ಬರೋ ಹೋಸ್ ಪೈಪ್ ಒಳಗ ಊದ್ಕೊಂಡಿರ್ತೈತಿ ಇಲ್ಲಾ ಮ್ಯಾಲೆ ಪೆಡಲ್ ಒತ್ತಿದಾಗ ಪ್ರೆಶರ್ ಕೊಡೋ ಮಾಸ್ಟರ್ ಸಿಲಿಂಡರ್ ಕಡೆ ದೋಷ. ಬಿಡಲಿಲ್ಲ ಅಂದ್ರ ಪಿನ್ ಇಲ್ಲಾ ಪ್ಯಾಡ್ ಒತ್ತೋ ಪಿಸ್ಟನ್ ಜಾಮ್. ಪಿನ್ ತಗದು ತುಕ್ಕು ಸ್ವಚ್ಛ ಮಾಡಿ ಬ್ರೇಕಿಗಂತ ಬರೋ ಸಿಲಿಕೋನ್ ಗ್ರೀಸ್ ಹಚ್ಚಿ ಹೊಸ ರಬ್ಬರ್ ಹಾಕಿದ್ರ ಭಾಳ ಸಲ ಅಲ್ಲಿಗೇ ಮುಗಿತೈತಿ, ಪೂರ್ತಿ ಕ್ಯಾಲಿಪರ್ ಸೆಟ್ ಬದಲಿ ಮಾಡ್ರಿ ಅಂದ್ರ ಮೊದ್ಲು ಪಿನ್ ತೋರ್ಸು ಅನ್ರಿ. ಸಾದಾ ಗ್ರೀಸ್ ಹಚ್ಚಾಕ ಬಿಡಬ್ಯಾಡ್ರಿ, ರಬ್ಬರ್ ಉಬ್ತೈತಿ. ಬಟನ್ ಪಾರ್ಕಿಂಗ್ ಬ್ರೇಕ್ ಇದ್ರ ಹಿಂದಿನ ಪ್ಯಾಡ್ ಬಿಚ್ಚೋ ಮುಂಚೆ ಸರ್ವಿಸ್ ಮೋಡ್‌ಗೆ (ರಿಪೇರಿಗಂತ ಆ ಬ್ರೇಕ್ ಪೂರ್ತಿ ಬಿಡ್ಸೋದು) ಹಾಕ್ಬೇಕು, ಒತ್ತಿ ಪಿಸ್ಟನ್ ಒಳಗ ನೂಕಿದ್ರ ಆ ಪಾರ್ಕಿಂಗ್ ಬ್ರೇಕಿನ ಸಣ್ಣ ಮೋಟಾರ್ ಹೋಗಿ ಖರ್ಚು ದುಪ್ಪಟ್ಟು. ಜಾಕ್ ಕೊಡೋದಾದ್ರ ಗುರುತು ಹಾಕಿದ ಜಾಗಕ್ಕ, ಬ್ಯಾಟರಿ ತಳಕ್ಕ ಅಲ್ಲ.

ಕೆಲಸ ಆದ ಮ್ಯಾಲೆ ಅದೇ ದಾರಿ, ಅದೇ ಸ್ಪೀಡ್‌ನ್ಯಾಗ ಹೋಗಿ ಕಿಲೋಮೀಟರಿಗೆ ಎಷ್ಟು ವ್ಯಾಟ್ ಅವರ್ (ಕರೆಂಟಿನ ಲೆಕ್ಕ) ತಿಂತು ಅಂತ ಡಿಸ್‌ಪ್ಲೇನ್ಯಾಗ ನೋಡ್ರಿ, ರಿಪೇರಿ ಮುಂಚಿನ ನಂಬರ್ ಬರೆದಿಟ್ಕೊಂಡಿದ್ರ ಶೋರೂಮ್‌ನವ್ರ ಮುಂದ ವಾದ ಮಾಡೋ ಗರಜೇ ಬೀಳಂಗಿಲ್ಲ. ಮತ್ತ ವಾರಕ್ಕೊಮ್ಮೆ ಹಿಂದ ಯಾರೂ ಇಲ್ಲದಾಗ 60ರ ಸ್ಪೀಡಿಂದ ಒಂದೆರಡು ಸಲ ಕಾಲ ಬ್ರೇಕ್ ಗಟ್ಟಿಯಾಗೇ ಒತ್ರಿ, ಡಿಸ್ಕಿನ ತುಕ್ಕು ಉದುರ್ತೈತಿ. ರೀಜೆನ್ ಸೊನ್ನೆಗೆ ಇಟ್ಟು ಮಾಡಿದ್ರ ಇನ್ನೂ ಚಲೋ.