ಗೋಡೆ ಮೇಲೆ ಹುಲಿ, ಎರೆಹೊಲದಲ್ಲಿ ಎರೆಭೂತ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಓಡಾಡುವಾಗ ಕಾಂಪೌಂಡ್ ಗೋಡೆಗಳನ್ನು ನೋಡುತ್ತಾ ಹೋಗುವುದು ನನಗೆ ಅಭ್ಯಾಸ. 'ವನ್ಯಜೀವಿ ಉಳಿಸಿ' ಅಂತ ಬರೆದಿದ್ದರೆ ಪಕ್ಕದಲ್ಲಿ ಹುಲಿ ಇರುವುದೇ ಜಾಸ್ತಿ. ನಮ್ಮ ಜೋಳದ ಹೊಲಕ್ಕೆ ಹುಲಿ ಎಲ್ಲಿಂದ ಬರಬೇಕು? ಇಲ್ಲಿ ಕಷ್ಟದಲ್ಲಿರುವುದು ಎರೆಭೂತ ಎಂಬ ದೊಡ್ಡ ಹಕ್ಕಿ, ತೋಳ, ನೀರುನಾಯಿ. ಅವಕ್ಕೆ ಗೋಡೆ ಸಿಕ್ಕಿಲ್ಲ.

ಪ್ರಾಣಿಗಳ ಚಿತ್ರ ಬಿಡಿಸುವುದು ಈ ಸೀಮೆಗೆ ಹೊಸದೇನಲ್ಲ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಗುಡ್ಡದಲ್ಲಿ, ಕಲ್ಲಾಸರೆಗಳ ಒಳಗೆ, ಕೆಂಪು ಬಣ್ಣದ ಜಿಂಕೆಗಳಿವೆ, ಗೂಳಿಗಳಿವೆ. ಬಳ್ಳಾರಿ ಪಕ್ಕದ ಸಂಗನಕಲ್ಲು, ಕಪ್ಪಗಲ್ಲಿನ ಕರಿಬಂಡೆಗಳ ಮೇಲೆ ನವಶಿಲಾಯುಗದ ದನಗಾಹಿಗಳು ಉದ್ದ ಕೋಡಿನ ಎತ್ತುಗಳನ್ನು ಕುಟ್ಟಿ ಕುಟ್ಟಿ ಮೂಡಿಸಿದ್ದಾರೆ. ಒಂದಲ್ಲ ಎರಡಲ್ಲ, ಬಂಡೆ ತುಂಬಾ ಎತ್ತುಗಳೇ. ಅವರಿಗೆ ಬದುಕು ಅಂದರೆ ದನ, ಅದಕ್ಕೇ ಚಿತ್ರವೂ ದನದ್ದೇ. ಬೇಕಾದ್ದನ್ನು ಬಿಡಿಸುವ ಈ ಚಾಳಿ ಮುಂದೆಯೂ ಹೋಗಲಿಲ್ಲ. ಕೊಪ್ಪಳದ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರ ಕೆತ್ತಿ, ಹುಣಸೆಬೀಜದ ಅಂಟು ಹಚ್ಚಿ ಆನೆ ಮಾಡಿದರು, ಗರುಡನನ್ನು ಮಾಡಿದರು. ತೋಳ ಯಾರಿಗೆ ಬೇಕು, ಅಲ್ವಾ?

'ಈ ಪ್ರಾಣಿ ಇಲ್ಲವಾಗುತ್ತಿದೆ' ಅಂತ ಹೇಳಲು ಚಿತ್ರ ಬಳಸುವ ಯೋಚನೆ ತೀರಾ ಈಚಿನದು. ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರ್ 17ನೇ ಶತಮಾನದಲ್ಲಿ ಸೈಬೀರಿಯಾದ ಕೊಕ್ಕರೆಯನ್ನು ಒಂದೊಂದು ಗರಿಯೂ ಕಾಣುವಂತೆ ಬಿಡಿಸಿದ. ಡೋಡೋ ಹಕ್ಕಿಯ ಒಂದು ಚಿತ್ರವೂ ಅವನದೇ ಎನ್ನುತ್ತಾರೆ. ಅದನ್ನು ಬರೆದ ಕೆಲವೇ ದಶಕಗಳಲ್ಲಿ ಡೋಡೋ ಭೂಮಿ ಮೇಲೇ ಇಲ್ಲವಾಯಿತು. ಆ ಕೊಕ್ಕರೆಯೂ 2002ರ ನಂತರ ರಾಜಸ್ಥಾನದ ಭರತಪುರಕ್ಕೆ ಬಂದಿಲ್ಲ. ಮನ್ಸೂರ್ ಎಚ್ಚರಿಕೆ ಕೊಡಲು ಕುಂಚ ಹಿಡಿದವನಲ್ಲ. ಬಾದಶಹನಿಗೆ ಅಪರೂಪದ ಹಕ್ಕಿ ಇಷ್ಟ, ಅಷ್ಟೇ.

1961ರಲ್ಲಿ ವಿಶ್ವ ವನ್ಯಜೀವಿ ನಿಧಿ ಶುರುವಾದಾಗ ಲೆಕ್ಕ ಬದಲಾಯಿತು. ಅದರ ಸ್ಥಾಪಕರಲ್ಲಿ ಒಬ್ಬರಾದ ಪೀಟರ್ ಸ್ಕಾಟ್ ಸ್ವತಃ ಚಿತ್ರಕಾರ. ಲಂಡನ್ ಮೃಗಾಲಯದ ಚಿ-ಚಿ ಎಂಬ ಪಾಂಡಾ ನೋಡಿಕೊಂಡು ಲಾಂಛನ ಬರೆದುಕೊಟ್ಟರು. ಪಾಂಡಾನೇ ಯಾಕೆ? ಮುದ್ದಾಗಿದೆ ಅನ್ನುವುದು ಸರಿ, ಜೊತೆಗೆ ಕಪ್ಪು ಬಿಳುಪಾದ್ದರಿಂದ ಅಚ್ಚಿನ ಖರ್ಚೂ ಕಡಿಮೆ! ಅಲ್ಲಿಂದ ಮುಖ ಚೆನ್ನಾಗಿರುವ ಪ್ರಾಣಿಗೆ ಪೋಸ್ಟರ್, ಪೋಸ್ಟರ್ ಇರುವ ಪ್ರಾಣಿಗೆ ದುಡ್ಡು. ನಮ್ಮಲ್ಲಿ 1973ರಲ್ಲಿ ಹುಲಿ ಯೋಜನೆ ಬಂತು, ಗೋಡೆಗಳೂ ಹುಲಿಯ ಪಾಲಾದವು. ಹುಲಿ ಬದುಕಲು ಅದು ನೆರವಾಯಿತು, ಅದರ ಬಗ್ಗೆ ತಕರಾರಿಲ್ಲ.

ಎರೆಭೂತದ ಕಥೆ ಬೇರೆ. ಒಂದು ಮೀಟರ್ ಎತ್ತರ, ಗಂಡಾದರೆ ಹದಿನೈದು ಕಿಲೋವರೆಗೂ ತೂಗುವ ಹಕ್ಕಿ. ಕಪ್ಪು ಹೊಲದ ನಡುವೆ ಅದು ತಟ್ಟನೆ ಕತ್ತೆತ್ತಿದರೆ 'ಭೂತ' ಅಂದದ್ದು ಯಾಕೆ ಅಂತ ಯಾರೂ ಹೇಳಿಕೊಡಬೇಕಿಲ್ಲ. ಇದೇ ರಾಷ್ಟ್ರಪಕ್ಷಿ ಆಗಲಿ ಎಂದು ಪಕ್ಷಿತಜ್ಞ ಸಲೀಂ ಅಲಿ ಬಯಸಿದ್ದರು. 1963ರಲ್ಲಿ ಆ ಪಟ್ಟ ನವಿಲಿಗೆ ಹೋಯಿತು. ಬಸ್ಟರ್ಡ್ ಎಂಬ ಇಂಗ್ಲಿಷ್ ಹೆಸರಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೆ ಬೈಗುಳ ಆಗುತ್ತದೆ ಅನ್ನುವ ಅಳುಕೂ ಇತ್ತಂತೆ. 1980ರಲ್ಲಿ ಒಂದು ಅಂಚೆಚೀಟಿ ಬಂತು. ಆಮೇಲೆ 2020ರಲ್ಲಿ, ವಲಸೆ ಜೀವಿಗಳ ಕುರಿತು ಗಾಂಧಿನಗರದಲ್ಲಿ ನಡೆದ ವಿಶ್ವಸಮ್ಮೇಳನಕ್ಕೆ 'ಗಿಬಿ' ಎಂಬ ಎರೆಭೂತದ ಗೊಂಬೆಚಿತ್ರವೇ ಗುರುತಾಯಿತು. ಸಮ್ಮೇಳನದ ಲಾಂಛನ ದಕ್ಷಿಣದ ರಂಗೋಲಿಯ ಧಾಟಿಯದು. ಅಷ್ಟರಲ್ಲಿ ದೇಶದಲ್ಲಿ ಉಳಿದದ್ದು ಸುಮಾರು 150 ಹಕ್ಕಿ. ಹೆಚ್ಚಿನವು ರಾಜಸ್ಥಾನದಲ್ಲಿ. ಕರ್ನಾಟಕದ ಪಾಲಿಗೆ ಸಿರುಗುಪ್ಪದ ಎರೆಹೊಲಗಳ ಬೆರಳೆಣಿಕೆಯಷ್ಟು.

ಸಿರುಗುಪ್ಪ ಅಂದರೆ ಈಗ ಭತ್ತ. ತುಂಗಭದ್ರೆಯ ಕಾಲುವೆ ಬಂದ ಮೇಲೆ ಒಣಬೇಸಾಯದ ನೆಲ ಕಡಿಮೆಯಾಯಿತು. ರೈತರನ್ನು ದೂರುವಂತಿಲ್ಲ, ನೀರು ಬಂದರೆ ಯಾರು ಬಿಡುತ್ತಾರೆ? ಆದರೆ ಕಡಲೆ, ಜೋಳದ ಹೊಲದಲ್ಲಿ ಮಿಡತೆ ಹೆಕ್ಕಿ, ಬರೀ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವ ಹಕ್ಕಿಗೆ ಕೆಸರುಗದ್ದೆ ಏನು ಮಾಡೀತು?

ಇಲ್ಲಿ ಕ್ಯಾಮೆರಾಗಿಂತ ಕುಂಚ ವಾಸಿ ಅನ್ನುವುದು ನನ್ನ ಅನಿಸಿಕೆ. ಫೋಟೋಕ್ಕಾಗಿ ಜೀಪು ಹತ್ತಿರ ಹೋದರೆ ತಾಯಿಹಕ್ಕಿ ಮೊಟ್ಟೆ ಬಿಟ್ಟು ಏಳುತ್ತದೆ. ಚಿತ್ರ ಬಿಡಿಸಲು ಗೂಡಿನ ಹತ್ತಿರ ಹೋಗಬೇಕಿಲ್ಲ, ಜಾಗದ ಗುಟ್ಟೂ ರಟ್ಟಾಗುವುದಿಲ್ಲ.

ಇನ್ನೊಂದು ಲಾಭವಿದೆ. ಎರೆಭೂತದ ತಲೆ ಬಿಡಿಸಲು ಕೂತವರು ಕಣ್ಣು ಎಲ್ಲಿ ಇಡಬೇಕು ಅಂತ ನೋಡಲೇಬೇಕು. ಅದು ತಲೆಯ ಬದಿಗಿದೆ. ಅಕ್ಕಪಕ್ಕ ಚೆನ್ನಾಗಿ ಕಾಣುತ್ತದೆ, ನೇರ ಮುಂದೆ ಕಾಣುವುದು ಕಡಿಮೆ. ಹಾರುವಾಗ ಎದುರಿನ ಕರೆಂಟ್ ತಂತಿ ಗೊತ್ತಾಗುವುದು ತಡ, ಅಷ್ಟು ಭಾರದ ಮೈಯನ್ನು ಆ ಹೊತ್ತಿಗೆ ಪಕ್ಕಕ್ಕೆ ತಿರುಗಿಸಲಾಗದು. ಈ ತಂತಿಗಳ ವಿಷಯ 2019ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಶಾಲೆಯ ಗೋಡೆ ಮೇಲೆ ಬಿಡಿಸುವವರು ಹಕ್ಕಿಯ ಹಿಂದೆ ಎರಡು ತಂತಿಗಳನ್ನೂ ಎಳೆದರೆ, ಅದು ಯಾಕೆ ಅಂತ ಮಕ್ಕಳೇ ಕೇಳುತ್ತಾರೆ.