ಅಥ್ಲೆಟಿಕ್ಸ್ ಬಿಡಿಸುವ ಮೊದಲು ಆ ಪಾಲಿಸಿ ಒಮ್ಮೆ ಓದಿ

ಜನವರಿ ಬಂತೆಂದರೆ ಟೆಕ್ಸಾಸ್‌ನ ಹೈಸ್ಕೂಲುಗಳಲ್ಲಿ ಮುಂದಿನ ವರ್ಷದ ಕೋರ್ಸ್ ಆರಿಸುವ ಗಡಿಬಿಡಿ. ಡಲ್ಲಾಸ್ ಹತ್ತಿರದ ಒಂದು ಶಾಲೆಯಲ್ಲಿ ನಾನು ಕೌನ್ಸೆಲರ್. ಆ ಕೆಲವು ವಾರ ನನ್ನ ರೂಮಿನಲ್ಲಿ ಒಂದೇ ಮಾತು ಬೇರೆ ಬೇರೆ ಬಾಯಿಂದ ಬರುತ್ತಿರುತ್ತದೆ. "ಮೇಡಂ, ಅಥ್ಲೆಟಿಕ್ಸ್ ತೆಗೆದುಬಿಡಿ. ಆ ಜಾಗಕ್ಕೆ ಇನ್ನೊಂದು ಎಪಿ ಹಾಕಿ. ಇಲ್ಲಾಂದ್ರೆ ರ‍್ಯಾಂಕ್ ಬೀಳುತ್ತೆ." ಅಥ್ಲೆಟಿಕ್ಸ್ ಅಂದರೆ ಇಲ್ಲಿ ಶಾಲೆಯ ಟೀಮಿನಲ್ಲಿ ಆಡುವವರಿಗೆ ಇರುವ ಆಟದ ಪೀರಿಯಡ್. ಎಪಿ ಅಂದರೆ ಕಾಲೇಜು ಮಟ್ಟದ ಕಠಿಣ ಕೋರ್ಸು.

ನಾನು ಕನ್ನಡದವಳು ಅಂತ ಗೊತ್ತಾದರೆ ಇದನ್ನೇ ಕನ್ನಡದಲ್ಲಿ, ದನಿ ತಗ್ಗಿಸಿ ಹೇಳುತ್ತಾರೆ. ಮಗ ಅಥವಾ ಮಗಳು ಪಕ್ಕದಲ್ಲೇ ಶೂ ಲೇಸ್ ನೋಡುತ್ತಾ ಕೂತಿರುತ್ತಾರೆ. ಕನ್ನಡ ಸಂಘದ ಯುಗಾದಿ ಊಟದ ಸಾಲಿನಲ್ಲೂ ಬಿಡುವುದಿಲ್ಲ. ಅಲ್ಲಿ ಪಕ್ಕದ ಡಿಸ್ಟ್ರಿಕ್ಟ್‌ಗಳವರೂ ಸಿಗುತ್ತಾರೆ, ಅವರದ್ದೂ ಇದೇ ಪ್ರಶ್ನೆ. (ಡಿಸ್ಟ್ರಿಕ್ಟ್ ಅಂದರೆ ಇಲ್ಲಿ ಜಿಲ್ಲೆಯಲ್ಲ, ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ.) ನಾನು ತಿರುಗಿ ಒಂದೇ ಮಾತು ಕೇಳುತ್ತೇನೆ: "ನಿಮ್ಮ ಡಿಸ್ಟ್ರಿಕ್ಟ್‌ನಲ್ಲಿ ಅಥ್ಲೆಟಿಕ್ಸ್ ಮಾರ್ಕು ರ‍್ಯಾಂಕ್ ಲೆಕ್ಕಕ್ಕೆ ಸೇರುತ್ತಾ?" ಉತ್ತರ ಬರುವುದಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಯಾರೋ ಹೇಳಿದ್ದರಂತೆ. ಅಷ್ಟೇ.

ರ‍್ಯಾಂಕ್ ಬಗ್ಗೆ ಭಯ ಇರುವುದು ತಪ್ಪಲ್ಲ. ಅದನ್ನು ಹುಟ್ಟಿಸಿದ್ದೇ ಈ ರಾಜ್ಯದ ಕಾನೂನು. 1997ರಲ್ಲಿ ಟೆಕ್ಸಾಸ್ ಒಂದು ನಿಯಮ ಮಾಡಿತು. ಹೈಸ್ಕೂಲಿನ ಮೊದಲ ಶೇ. 10ರೊಳಗೆ ಬಂದ ಮಕ್ಕಳಿಗೆ ರಾಜ್ಯದ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ನೇರ ಪ್ರವೇಶ. ಆಮೇಲೆ ಆಸ್ಟಿನ್‌ನ ಯೂನಿವರ್ಸಿಟಿ ಆಫ್ ಟೆಕ್ಸಾಸ್‌ಗೆ ಮಾತ್ರ ಆ ಗೆರೆಯನ್ನು ಬಿಗಿ ಮಾಡಲು ಬಿಟ್ಟರು. ಬಹಳ ವರ್ಷ ಅಲ್ಲಿ ಗೆರೆ ಶೇ. 6ರಲ್ಲಿತ್ತು. 2026ರಲ್ಲಿ ಸೇರುವ ಬ್ಯಾಚಿನಿಂದ ಶೇ. 5. ನೂರು ಮಕ್ಕಳಲ್ಲಿ ಐದು ಜನ. ಸಿಇಟಿ ರ‍್ಯಾಂಕಿನ ಕಾಲದಲ್ಲಿ ಬೆಳೆದ ನಮ್ಮವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ನನ್ನ ಪ್ರಕಾರ ತೊಂದರೆ ಇರುವುದೂ ಅಲ್ಲೇ. ಪರಿಚಯದ ಆಟ ಅನ್ನಿಸುತ್ತದೆ, ಹಾಗಾಗಿ ನಿಯಮ ಓದುವ ಗೋಜಿಗೆ ಯಾರೂ ಹೋಗುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಇದನ್ನು ಎಷ್ಟು ಸಲ ಬಿಡಿಸಿ ಹೇಳಿದರೂ ಸಾಲದು, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಎಪಿ ಕ್ಲಾಸಿನಲ್ಲಿ ಪೂರ್ತಿ ಮಾರ್ಕ್ಸ್ ಬಂದರೆ 5 ಪಾಯಿಂಟ್, ಮಾಮೂಲಿ ಕ್ಲಾಸಿನಲ್ಲಿ 4 ಅಂದುಕೊಳ್ಳಿ. ದಿನಕ್ಕೆ ಏಳು ಪೀರಿಯಡ್. ಒಬ್ಬಳು ಆರು ಎಪಿ ತೆಗೆದುಕೊಂಡು ಏಳನೆಯದರಲ್ಲಿ ಅಥ್ಲೆಟಿಕ್ಸ್ ಇಟ್ಟುಕೊಂಡಳು. ಅವಳ ಗೆಳತಿ ಏಳೂ ಎಪಿ ತೆಗೆದುಕೊಂಡಳು. ಇಬ್ಬರೂ ಎಲ್ಲದರಲ್ಲೂ ಪೂರ್ತಿ ಮಾರ್ಕ್ಸ್ ತೆಗೆದರು. ಅಥ್ಲೆಟಿಕ್ಸ್ ಲೆಕ್ಕಕ್ಕೆ ಸೇರುವ ಕಡೆ ಮೊದಲನೆಯವಳದ್ದು 34ನ್ನು 7ರಿಂದ ಭಾಗಿಸಿದರೆ 4.86. ಗೆಳತಿಗೆ 5. ಗಟ್ಟಿ ಸಾರಿಗೆ ನೀರು ಬೆರೆಸಿದ ಹಾಗೆ ಸರಾಸರಿ ತೆಳುವಾಯಿತು. ನಿಮ್ಮ ಭಯ ಇದೇ, ಅಲ್ವಾ? ಈ ಕಡೆ ಅದು ನಿಜ.

ಆದರೆ ಅಥ್ಲೆಟಿಕ್ಸ್, ಪಿಇ (ವ್ಯಾಯಾಮದ ಕ್ಲಾಸು) ಇಂಥವನ್ನು ರ‍್ಯಾಂಕ್ ಲೆಕ್ಕದಿಂದ ಹೊರಗಿಟ್ಟ ಡಿಸ್ಟ್ರಿಕ್ಟ್‌ಗಳೂ ಇಲ್ಲಿ ಬೇಕಾದಷ್ಟಿವೆ. ಅಲ್ಲಿ ಮೊದಲನೆಯವಳದ್ದು 30ನ್ನು 6ರಿಂದ ಭಾಗಿಸಬೇಕು. 5. ಗೆಳತಿಯದ್ದು 35ನ್ನು 7ರಿಂದ. ಅದೂ 5. ಸರಿಸಮ. ಟೀಮ್ ಬಿಡಿಸಿ ನೀವು ಗಳಿಸಿದ್ದು ಸೊನ್ನೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಆ ಏಳನೇ ಎಪಿ ಸುಮ್ನೆ ಬರುವುದಿಲ್ಲ, ಓದಬೇಕು. ಗೆಳತಿಗೆ ಅದೊಂದರಲ್ಲಿ 4.6 ಬಂತು ಅನ್ನಿ. ಈಗ 34.6ನ್ನು 7ರಿಂದ ಭಾಗಿಸಿ. 4.94. ಅಥ್ಲೆಟಿಕ್ಸ್ ಇಟ್ಟುಕೊಂಡವಳು ಮೇಲೆ, ಬಿಟ್ಟವಳು ಕೆಳಗೆ! ರ‍್ಯಾಂಕ್ ಉಳಿಸಲು ಮಾಡಿದ ಕೆಲಸವೇ ರ‍್ಯಾಂಕ್ ಇಳಿಸಿತು. ಇದನ್ನು ನಾನು ಕಾಗದದ ಮೇಲೆ ಬರೆದು ತೋರಿಸಿದಾಗ ಸಾಫ್ಟ್‌ವೇರ್ ಇಂಜಿನಿಯರ್ ಅಪ್ಪಂದಿರು ಪೆನ್ನು ಕಿತ್ತುಕೊಂಡು ತಾವೇ ಮತ್ತೊಮ್ಮೆ ಭಾಗಿಸುತ್ತಾರೆ. ಸಂತೋಷ. ಅದನ್ನೇ ಮನೆಯಲ್ಲಿ ಮಾಡಿಕೊಂಡು ಬಂದಿದ್ದರೆ ಮಗು ವಾರಗಟ್ಟಲೆ ಮುಖ ಸಣ್ಣ ಮಾಡಿಕೊಂಡು ಓಡಾಡುವುದು ತಪ್ಪುತ್ತಿತ್ತು.

ನಿಮ್ಮ ಡಿಸ್ಟ್ರಿಕ್ಟ್‌ದು ಯಾವ ಪದ್ಧತಿ ಅಂತ ನಾನು ಇಲ್ಲಿ ಕೂತು ಹೇಳಲಾರೆ. ಒಂದೊಂದು ಕಡೆ ಒಂದೊಂದು. ಕೆಲವರು ಬರೀ ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ, ಭಾಷೆ ಇಷ್ಟನ್ನೇ ಎಣಿಸುತ್ತಾರೆ. ಕೆಲವರು ಹೆಚ್ಚೂಕಮ್ಮಿ ಎಲ್ಲವನ್ನೂ. ಸ್ಕೇಲೂ ಬೇರೆ ಬೇರೆ. ಆದರೆ ಹುಡುಕುವ ಜಾಗ ಒಂದೇ. ಡಿಸ್ಟ್ರಿಕ್ಟ್‌ನ ಬೋರ್ಡ್ ಪಾಲಿಸಿಗಳಲ್ಲಿ 'ಇಐಸಿ ಲೋಕಲ್' ಅಂತ ಒಂದಿದೆ. ರಾಜ್ಯದಾದ್ಯಂತ ಕ್ಲಾಸ್ ರ‍್ಯಾಂಕಿಂಗ್‌ಗೆ ಇರುವ ಕೋಡ್ ಅದು. ಡಿಸ್ಟ್ರಿಕ್ಟ್‌ನ ಹೆಸರು ಮತ್ತು ಆ ಮೂರಕ್ಷರ ಹಾಕಿ ಹುಡುಕಿದರೆ ಸಿಗುತ್ತದೆ. ಕೆಲವೇ ಪುಟ. ಅದರಲ್ಲಿ ಯಾವ ಕೋರ್ಸ್ ಲೆಕ್ಕಕ್ಕೆ ಇದೆ, ಯಾವುದು ಇಲ್ಲ ಎಂಬ ಪ್ಯಾರಾ ಓದಿ. ಯಾವ ವರ್ಷ ಒಂಬತ್ತನೇ ಕ್ಲಾಸಿಗೆ ಸೇರಿದವರಿಗೆ ಆ ನಿಯಮ ಅನ್ನುವುದನ್ನೂ ನೋಡಿ. ಬೋರ್ಡ್ ನಿಯಮ ಬದಲಿಸಿದಾಗ ಸಾಮಾನ್ಯವಾಗಿ ಹೊಸ ಬ್ಯಾಚಿಗೆ ಅನ್ವಯಿಸುತ್ತದೆ. ಹಾಗಾಗಿ ಅಣ್ಣನಿಗೆ ಇದ್ದದ್ದು ತಂಗಿಗೆ ಇರಬೇಕೆಂದಿಲ್ಲ.

ಇಲ್ಲಿ ಒಂದು ಪಕ್ಕದ ಮಾತು. ಈಚೆಗೆ ಎಲ್ಲ ಡಿಸ್ಟ್ರಿಕ್ಟ್‌ಗಳಿಗೂ ಒಂದು 'ವಿಷನ್' ಬೇಕು. 'ಪೋರ್ಟ್ರೇಟ್ ಆಫ್ ಎ ಗ್ರ್ಯಾಜುಯೇಟ್' ಅಂತ ಪೋಸ್ಟರ್ ಮಾಡಿ ಪ್ರತಿ ಕಾರಿಡಾರಿನಲ್ಲೂ ಅಂಟಿಸುತ್ತಾರೆ. ಓದು ಮುಗಿಸಿ ಹೊರಡುವ ಮಗು ಹೇಗಿರಬೇಕು ಅನ್ನುವ ಪಟ್ಟಿ ಅದು. ಒಟ್ಟಾಗಿ ಕೆಲಸ ಮಾಡುವುದು, ಸೋತರೂ ಎದ್ದು ನಿಲ್ಲುವುದು, ಯೋಚಿಸಿ ಮಾತಾಡುವುದು, ಹೀಗೆ. ಪಟ್ಟಿ ಮಾಡುವ ಮೊದಲು ಪೋಷಕರನ್ನು ಕರೆಯುತ್ತಾರೆ. ಗೋಡೆಯ ಮೇಲೆ ದೊಡ್ಡ ಹಾಳೆಗಳು, ನಿಮ್ಮ ಕೈಯಲ್ಲಿ ಬಣ್ಣದ ಸ್ಟಿಕ್ಕರ್ ಚುಕ್ಕಿಗಳು. ನಿಮಗೆ ಮುಖ್ಯ ಅನ್ನಿಸಿದ್ದರ ಕೆಳಗೆ ಅಂಟಿಸಬೇಕು. ಅಂಥ ಒಂದು ಸಂಜೆ ನಾನೂ ಡ್ಯೂಟಿ ಮೇಲಿದ್ದೆ. ನಮ್ಮ ಕಡೆಯ ಒಬ್ಬರು ತಮ್ಮ ಚುಕ್ಕಿಗಳನ್ನೆಲ್ಲ 'ಟೀಮ್‌ವರ್ಕ್' ಕೆಳಗೆ ಅಂಟಿಸಿ, ಹೆಂಡತಿಯ ಕೈಯಲ್ಲಿದ್ದ ಎರಡನ್ನೂ ಇಸಿದುಕೊಂಡು ಅಲ್ಲೇ ಹಾಕಿದರು. ಮುಂದಿನ ವಾರ ನನ್ನ ರೂಮಿಗೆ ಬಂದರು. ಮಗನನ್ನು ಟೆನಿಸ್ ಟೀಮಿನಿಂದ ಬಿಡಿಸಬೇಕಂತೆ.

ನಗು ಬಂತು, ತಡೆದುಕೊಂಡೆ. ಒಳ್ಳೆಯ ಮನುಷ್ಯ ಅವರು, ಮಗನ ಮೇಲೆ ಪ್ರಾಣ.

ಪೋಸ್ಟರ್‌ಗಳ ಬಗ್ಗೆ ನನಗೂ ಅಷ್ಟಕ್ಕಷ್ಟೇ. ಒಂದು ಡಿಸ್ಟ್ರಿಕ್ಟ್ ತನ್ನ ವಿಷನ್ ಬಗ್ಗೆ ಎಷ್ಟು ಗಟ್ಟಿ ಇದೆ ಅಂತ ನೋಡಲು ನಾನು ಇಐಸಿಯನ್ನೇ ತೆಗೆಯುತ್ತೇನೆ. ಟೀಮಿನಲ್ಲಿ ಆಡಿದ್ದಕ್ಕೆ ಮಗುವಿನ ರ‍್ಯಾಂಕ್ ಕೆಡಬಾರದು ಅಂತ ಬೋರ್ಡ್ ಓಟು ಹಾಕಿ ಬರೆದಿಟ್ಟಿದ್ದರೆ, ಆ ಊರಿನವರು ಪೋಸ್ಟರ್ ಹೇಳಿದ್ದನ್ನು ಸ್ವಲ್ಪವಾದರೂ ಮಾಡಿದ್ದಾರೆ ಅಂತ ಅರ್ಥ. ಬರೆದಿಲ್ಲದಿದ್ದರೆ ಬೋರ್ಡ್ ಮೀಟಿಂಗಿಗೆ ಹೋಗಿ ಕೇಳಿ. ಬೋರ್ಡಿನವರು ಚುನಾಯಿತರು. ಪಬ್ಲಿಕ್ ಕಾಮೆಂಟ್‌ಗೆ ಹೆಸರು ಕೊಟ್ಟರೆ ಕೆಲವು ನಿಮಿಷ ಮಾತಾಡಬಹುದು. ನಮ್ಮವರು ಅಲ್ಲಿ ಕಾಣುವುದೇ ಕಡಿಮೆ.

ಇನ್ನೊಂದು ವಾದ ಬರುತ್ತದೆ: "ರ‍್ಯಾಂಕ್ ಹಾಳಾಗ್ಲಿ ಬಿಡಿ, ಆಟ ಅಂದ್ರೆ ಓದೋಕೆ ಟೈಮೇ ಇರಲ್ಲ." ಈ ವಾದಕ್ಕೆ ಟೆಕ್ಸಾಸ್ 1984ರಲ್ಲೇ ಜಗಳವಾಡಿ ಉತ್ತರ ಹುಡುಕಿದೆ. ಆಗಿನ ಗವರ್ನರ್ ಮಾರ್ಕ್ ವೈಟ್, ಶಿಕ್ಷಣ ಸುಧಾರಣೆಗೆ ದಾರಿ ತೋರಿಸಿ ಅಂತ ಡಲ್ಲಾಸಿನ ಕಂಪ್ಯೂಟರ್ ಉದ್ಯಮಿ ರಾಸ್ ಪೆರೋ ನೇತೃತ್ವದಲ್ಲಿ ಸಮಿತಿ ಮಾಡಿದರು. ಫುಟ್‌ಬಾಲ್ ಅಂದರೆ ಪ್ರಾಣ ಬಿಡುವ ರಾಜ್ಯದಲ್ಲಿ ಪೆರೋ ಊರೂರು ಸುತ್ತಿ, ಆಟ ಜಾಸ್ತಿಯಾಯಿತು, ಪಾಠ ಕಡಿಮೆಯಾಯಿತು ಅಂದರು. ಆಗ ಬಂದ ಕಾನೂನಿನಲ್ಲಿದ್ದ ಒಂದು ನಿಯಮಕ್ಕೆ 'ನೋ ಪಾಸ್, ನೋ ಪ್ಲೇ' ಅಂತ ಹೆಸರು ಬಿತ್ತು. ಎಪಿಯಂಥ ಕೆಲವು ಕೋರ್ಸ್ ಬಿಟ್ಟು ಬೇರೆ ಯಾವುದಾದರೂ ವಿಷಯದಲ್ಲಿ 70ಕ್ಕಿಂತ ಕಡಿಮೆ ಬಂದರೆ ಪಂದ್ಯಕ್ಕಿಳಿಯುವ ಹಾಗಿಲ್ಲ. ಮೊದಲು ಆರು ವಾರ ಕೂರಿಸುತ್ತಿದ್ದರು, 1995ರಲ್ಲಿ ಮೂರಕ್ಕೆ ಇಳಿಸಿದರು. 1986ರ ಚುನಾವಣೆಯಲ್ಲಿ ವೈಟ್ ಸೋತರು. ಅದಕ್ಕೆ ಕೋಚ್‌ಗಳ ಸಿಟ್ಟೂ ಒಂದು ಕಾರಣ ಅಂತ ಇಲ್ಲಿನ ಹಳಬರು ಈಗಲೂ ಹೇಳುತ್ತಾರೆ. ಅವರು ಹೋದರು, ನಿಯಮ ಉಳಿಯಿತು. ಕ್ಲಾಸಿನ ಹೊತ್ತಿನ ಆಚೆ ಪ್ರಾಕ್ಟೀಸಿಗೆ ಶಾಲೆಯ ವಾರಕ್ಕೆ ಎಂಟು ಗಂಟೆಯ ಮಿತಿಯೂ ಇದೆ. ಎಂಟು ಗಂಟೆ ಕಡಿಮೆಯೇನಲ್ಲ, ಒಪ್ಪುತ್ತೇನೆ. ಹೊರಗಿನ ಕ್ಲಬ್ಬು, ಪ್ರೈವೇಟ್ ಕೋಚಿಂಗ್ ಸೇರಿಸಿಕೊಂಡು ಇಪ್ಪತ್ತು ಗಂಟೆ ಮಾಡಿದರೆ ಮಾತ್ರ ಅದಕ್ಕೆ ಶಾಲೆ ಹೊಣೆಯಲ್ಲ.

ಹೈಸ್ಕೂಲು ಮುಗಿಸಲು ಒಂದು ಪಿಇ ಕ್ರೆಡಿಟ್ ಬೇಕೇ ಬೇಕು ಅನ್ನುವುದನ್ನೂ ಮರೆಯುತ್ತಾರೆ. ಅಥ್ಲೆಟಿಕ್ಸ್ ಇದ್ದರೆ ಅದರಲ್ಲೇ ಮುಗಿಯುತ್ತದೆ. ಒಂಬತ್ತನೇ ಕ್ಲಾಸಿನಲ್ಲೇ ಬಿಡಿಸಿದರೆ ಅದೇ ಮಗುವನ್ನು ಆಮೇಲೆ ಪಿಇ ಕ್ಲಾಸಿನಲ್ಲೋ ಅದಕ್ಕೆ ಸಮನಾದ ಇನ್ನೊಂದರಲ್ಲೋ ಕೂರಿಸಬೇಕು.

ಈಗ ನಮ್ಮವರು ಕೇಳಲು ಇಷ್ಟಪಡದ ವಿಷಯ. ಆ ಶೇ. 5ರೊಳಗೆ ಬಂದರೂ ಸಿಗುವುದು ಯೂನಿವರ್ಸಿಟಿಗೆ ಪ್ರವೇಶ. ನೀವು ಬಯಸುವ ಕಂಪ್ಯೂಟರ್ ಸೈನ್ಸ್‌ಗೋ ಇಂಜಿನಿಯರಿಂಗ್‌ಗೋ ಅಲ್ಲ. ಮೇಜರ್ ಯಾವುದು ಅನ್ನುವುದನ್ನು ಅವರು ಬೇರೆಯಾಗಿ, ಇಡೀ ಅರ್ಜಿ ನೋಡಿ ನಿರ್ಧರಿಸುತ್ತಾರೆ. ಶಾಲೆಯ ಹೊರಗೆ-ಒಳಗೆ ಮಗು ಏನು ಮಾಡಿತು, ಎಷ್ಟು ವರ್ಷ ಬಿಡದೆ ಮಾಡಿತು ಅನ್ನುವುದೂ ಅದರಲ್ಲಿದೆ. ಟೀಮಿನಲ್ಲಿದ್ದರೆ ಸಿಎಸ್ ಸಿಗುತ್ತೆ ಅಂತ ನಾನು ಹೇಳುತ್ತಿಲ್ಲ. ದಯವಿಟ್ಟು ಹಾಗೆ ಕೇಳಿಸಿಕೊಳ್ಳಬೇಡಿ, ನಾಳೆ ಅದೂ ವಾಟ್ಸಾಪಿಗೆ ಹೋಗುತ್ತದೆ. ರ‍್ಯಾಂಕ್ ಒಂದಕ್ಕೋಸ್ಕರ ಮೂರು ವರ್ಷ ಆಡಿದ್ದನ್ನು ಅಳಿಸಿಬಿಡುವುದು ಲೆಕ್ಕಕ್ಕೂ ಸರಿಹೊಂದುವುದಿಲ್ಲ ಅನ್ನುತ್ತಿದ್ದೇನೆ, ಅಷ್ಟೇ.

ಇದರ ತದ್ವಿರುದ್ಧ ಭ್ರಮೆಯೂ ಇದೆ. ಮಗ ವಾರ್ಸಿಟಿಗೆ, ಅಂದರೆ ಶಾಲೆಯ ಮೊದಲ ಟೀಮಿಗೆ ಬಂದ, ಇನ್ನು ಸ್ಕಾಲರ್‌ಶಿಪ್ ಗ್ಯಾರಂಟಿ. ಹೈಸ್ಕೂಲಿನಲ್ಲಿ ಆಡುವವರಲ್ಲಿ ಕಾಲೇಜಿನ ಕ್ರೀಡಾ ಸ್ಕಾಲರ್‌ಶಿಪ್ ಸಿಗುವುದು ಸುಮಾರು ಶೇ. 2 ಮಂದಿಗೆ ಅಂತ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ತಾನೇ ಹೇಳುತ್ತದೆ. ಅದರ ಡಿವಿಷನ್ ಮೂರರ ಕಾಲೇಜುಗಳಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ಪೇ ಇಲ್ಲ. ಐವಿ ಲೀಗಿನಲ್ಲೂ ಇಲ್ಲ. ಮುಂದೆ ಹೋಗೋಣ.

ನನ್ನ ಹತ್ತಿರ ಬಂದ ಒಬ್ಬಳು ಕ್ರಾಸ್ ಕಂಟ್ರಿ ಓಡುತ್ತಿದ್ದಳು. ಜೂನಿಯರ್ ವಾರ್ಸಿಟಿ, ಅಂದರೆ ಎರಡನೇ ಟೀಮು, ಅದರಲ್ಲೂ ಹಿಂದಿನ ಸಾಲು. ಅಮ್ಮ ಶಿವಮೊಗ್ಗದವರು, ಫಾರ್ಮ್ ತುಂಬಿಕೊಂಡೇ ಬಂದಿದ್ದರು. "ಗೆಲ್ಲೋದಿಲ್ಲ, ಏನಿಲ್ಲ. ಆಗಸ್ಟ್ ಬಿಸಿಲಲ್ಲಿ ಓಡಿ ಕಪ್ಪಾಗಿ ಬರ್ತಾಳೆ ಮೇಡಂ. ರ‍್ಯಾಂಕೂ ಹೋಗತ್ತೆ." ಇಐಸಿ ತೆರೆದು ತೋರಿಸಿದೆ. ನಮ್ಮಲ್ಲಿ ಅಥ್ಲೆಟಿಕ್ಸ್ ಲೆಕ್ಕಕ್ಕಿಲ್ಲ. ಅಮ್ಮ ಎರಡು ಸಲ ಓದಿದರು. ಆಮೇಲೆ ಮಗಳ ಕಡೆ ತಿರುಗಿ, "ನಿಂಗೆ ಇದು ಇಷ್ಟನಾ?" ಅಂದರು. ಹುಡುಗಿ ತನ್ನ ಫೋನ್ ತೆಗೆದು ಒಂದು ಪಟ್ಟಿ ತೋರಿಸಿದಳು. ಐದು ಕಿಲೋಮೀಟರಿಗೆ ಸೀಸನ್ನಿನ ಮೊದಲ ರೇಸಿನಲ್ಲಿ 31 ನಿಮಿಷ, ಕೊನೆಯದರಲ್ಲಿ 27. ಪ್ರತಿ ರೇಸಿನ ಮುಂದೆ ಅವಳದೇ ಟಿಪ್ಪಣಿ: 'ಗುಡ್ಡದ ಹತ್ತಿರ ನಡೆದೆ', 'ಗುಡ್ಡದ ಹತ್ತಿರ ನಡೆಯಲಿಲ್ಲ'. ಇಂಗ್ಲಿಷಿನಲ್ಲಿ ಬರೆದಿದ್ದನ್ನು ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದಳು. ಅಮ್ಮ ಫಾರ್ಮ್ ಮಡಿಸಿ ಬ್ಯಾಗಿಗೆ ಹಾಕಿಕೊಂಡರು. ಅವಳಿಗೆ ಯಾವ ಕಾಲೇಜು ಸಿಕ್ಕಿತು ಅಂತ ಕೇಳಬೇಡಿ, ಇನ್ನೂ ಹತ್ತನೇ ಕ್ಲಾಸು.

ಬಿಡಿಸುವುದೇ ಸರಿ ಅನ್ನಿಸುವ ಮಕ್ಕಳೂ ಇದ್ದಾರೆ. ಗಾಯ ವಾಸಿಯಾಗದವರು, ನಿದ್ದೆ ಕೆಟ್ಟವರು, ಅಪ್ಪನ ಆಸೆಗೆ ಆಡುತ್ತಿರುವವರು. ಒಬ್ಬ ಹುಡುಗ "ನಂಗೆ ಟೆನಿಸ್ ಅಂದ್ರೆ ಆಗಲ್ಲ, ಯಾವತ್ತೂ ಆಗಿಲ್ಲ" ಅಂದಾಗ ಅಪ್ಪ ಬೆಚ್ಚಿಬಿದ್ದರು. ಅವನ ಕೋರ್ಸನ್ನು ಅವತ್ತೇ ಬದಲಿಸಿದೆ.

ಕೊನೆಗೆ ಹನ್ನೆರಡನೇ ಕ್ಲಾಸಿನವರಿಗೆ. ಸೀನಿಯರ್ ವರ್ಷದಲ್ಲಿ ರ‍್ಯಾಂಕಿಗೋಸ್ಕರ ಟೀಮ್ ಬಿಡಿಸಲು ಬರುವವರನ್ನು ಕಂಡರೆ ನನ್ನ ತಾಳ್ಮೆ ನಿಜಕ್ಕೂ ಕೆಡುತ್ತದೆ. ಆಸ್ಟಿನ್‌ಗೆ ಅರ್ಜಿ ಹೋಗಬೇಕಾದ್ದು ಡಿಸೆಂಬರ್ 1ರೊಳಗೆ. ಹೆಚ್ಚಿನ ಶಾಲೆಗಳಿಂದ ಅದರ ಜೊತೆ ಹೋಗುವುದು ಹನ್ನೊಂದನೇ ಕ್ಲಾಸಿನ ಕೊನೆಗೆ ಲೆಕ್ಕ ಹಾಕಿದ ರ‍್ಯಾಂಕ್. ಆ ಹೊತ್ತಿಗೆ ಕೊಯ್ಲು ಮುಗಿದಿದೆ. ವ್ಯಾಲಿಡಿಕ್ಟೋರಿಯನ್, ಅಂದರೆ ಶಾಲೆಗೇ ಮೊದಲ ರ‍್ಯಾಂಕಿನ ಸ್ಥಾನಕ್ಕೆ ಹೋರಾಡುವ ಒಬ್ಬಿಬ್ಬರಿಗೆ ಮಾತ್ರ ಕೊನೆಯ ವರ್ಷ ಬೇರೆ ಮಾತು. ಶಾಲೆಗೆ ಮೊದಲು ಬಂದವರಿಗೆ ರಾಜ್ಯದ ಸರ್ಕಾರಿ ಯೂನಿವರ್ಸಿಟಿಯಲ್ಲಿ ಮೊದಲ ವರ್ಷದ ಟ್ಯೂಷನ್ ಮಾಫಿ ಇದೆ. ಉಳಿದವರು ಟೀಮಿನಲ್ಲೇ ಇರಲಿ, ಕೊನೆಯ ವರ್ಷದ ಆಟಗಾರರನ್ನು ಗೌರವಿಸುವ ಸೀನಿಯರ್ ನೈಟ್‌ನಲ್ಲಿ ಅಪ್ಪ ಅಮ್ಮನ ಜೊತೆ ಮೈದಾನದಲ್ಲಿ ನಡೆಯಲಿ.

ಇಷ್ಟಾದ ಮೇಲೂ ಬಿಡಿಸಲೇಬೇಕು ಅಂದರೆ ಫಾರ್ಮ್ ನನ್ನ ಹತ್ತಿರ ಇದೆ. ನಮ್ಮ ಶಾಲೆಯಲ್ಲಿ ಅದಕ್ಕೆ ಮೊದಲು ಕೋಚ್ ಸಹಿ ಬೇಕು, ಮಗುವಿನ ಸಹಿಯೂ ಬೇಕು. ಅವೆರಡೂ ಇಲ್ಲದೆ ನಾನು ಏನೂ ಬದಲಿಸಲಾರೆ. ಒಬ್ಬಟ್ಟು ತಂದುಕೊಟ್ಟರೂ ಅಷ್ಟೇ.