ಎರಡನೇ ಗೆಕ್ಕೊಗೆ ಮುಂಚೆ ಎರಡನೇ ಟ್ಯಾಂಕ್

ಲೆಪರ್ಡ್ ಗೆಕ್ಕೊ ಎಂಬ ಹಲ್ಲಿಯೊಂದನ್ನು ಸಾಕಿದವರಿಗೆ ಬೇಗನೇ ಇನ್ನೊಂದರ ಆಸೆ ಹುಟ್ಟುತ್ತದೆ. ಕೊಡುವ ಕಾರಣ ಮಾತ್ರ ಸಾಮಾನ್ಯವಾಗಿ ಒಂದೇ: ‘ಪಾಪ, ಒಂಟಿಯಾಗಿದೆ, ಜೊತೆ ಬೇಕಲ್ವಾ?’ ನನಗೇ ಇನ್ನೊಂದು ಬೇಕು ಅನ್ನಿ, ತಪ್ಪೇನಿಲ್ಲ. ಮೈತುಂಬ ಚುಕ್ಕೆ, ನಗುತ್ತಿರುವಂತೆ ಕಾಣುವ ಬಾಯಿ. ಗೋಡೆ ಹಲ್ಲಿಗೆ ಇಲ್ಲದ ಕಣ್ಣುರೆಪ್ಪೆ ಇದಕ್ಕಿದೆ, ಕಣ್ಣು ಮುಚ್ಚಿ ಮಲಗುವುದನ್ನು ನೋಡುವುದೇ ಚಂದ. ಆದರೆ ಜೊತೆ ಬೇಕು ಅನ್ನುವ ಆಸೆ ನಮ್ಮದು, ಗೆಕ್ಕೊದ್ದಲ್ಲ.

ಪಾಕಿಸ್ತಾನ, ಅಫ್ಘಾನಿಸ್ತಾನ ಮತ್ತು ವಾಯವ್ಯ ಭಾರತದ ಕಲ್ಲು ತುಂಬಿದ ಒಣ ನೆಲ ಇದರ ತವರು. ಹಗಲೆಲ್ಲ ಬಂಡೆ ಸಂದಿಯಲ್ಲಿ ಕಳೆದು, ಮುಸ್ಸಂಜೆಯ ಹೊತ್ತಿಗೆ ಹುಳು ಹಿಡಿಯಲು ಹೊರಡುತ್ತದೆ. ಬೇಟೆಗೆ ಜೊತೆಗಾರರು ಬೇಕಿಲ್ಲ. ಮರಿ ಸಾಕುವ ಗೋಜೂ ಇಲ್ಲ, ಮೊಟ್ಟೆ ಇಟ್ಟ ತಾಯಿ ಮತ್ತೆ ಅತ್ತ ತಿರುಗಿಯೂ ನೋಡುವುದಿಲ್ಲ. ಒಂದೇ ಬಂಡೆಯಡಿ ಎರಡು ಸೇರಿಕೊಂಡರೂ, ಬೇಡ ಅನ್ನಿಸಿದಾಗ ಒಂದು ಎದ್ದು ಬೇರೆ ಕಡೆ ಹೋಗಬಹುದು. ಗಾಜಿನ ಟ್ಯಾಂಕಿನಲ್ಲಿ ಎದ್ದು ಹೋಗುವುದಾದರೂ ಎಲ್ಲಿಗೆ?

‘ನಮ್ಮವೆರಡು ಒಂದರ ಮೇಲೊಂದು ಮಲಗುತ್ತವೆ, ಎಷ್ಟು ಪ್ರೀತಿ ನೋಡಿ’ ಅನ್ನುವವರಿದ್ದಾರೆ. ಅಲ್ಲಿ ನಡೆಯುತ್ತಿರುವುದು ಬಿಸಿ ಜಾಗಕ್ಕಾಗಿ ಪೈಪೋಟಿ. ಗೆಕ್ಕೊ ತನ್ನ ಮೈಯನ್ನು ತಾನೇ ಬಿಸಿ ಮಾಡಿಕೊಳ್ಳಲಾರದು. ತಿಂದ ಹುಳು ಅರಗಬೇಕಾದರೆ ಹೊಟ್ಟೆಯಡಿಯ ನೆಲ ಸುಮಾರು 32 ಡಿಗ್ರಿ ಸೆಲ್ಸಿಯಸ್ ಇರಬೇಕು. ಆ ಜಾಗವನ್ನು ಜೋರಿನದು ಹಿಡಿದುಕೊಂಡರೆ ಇನ್ನೊಂದು ತಣ್ಣನೆ ಮೂಲೆ ಸೇರುತ್ತದೆ. ಅದೂ ತಿನ್ನುತ್ತದೆ, ಆದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ಕಚ್ಚಾಟ ಇಲ್ಲ, ಗಾಯ ಇಲ್ಲ. ಬಾಲ ಮಾತ್ರ ದಿನೇ ದಿನೇ ಸಣ್ಣಗಾಗುತ್ತದೆ. ಗೆಕ್ಕೊ ಕೊಬ್ಬು ಕೂಡಿಡುವುದು ಬಾಲದಲ್ಲೇ. ಕಣ್ಣಳತೆ ಇಲ್ಲಿ ಮೋಸ ಮಾಡುತ್ತದೆ, ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿದರೆ ಬೇಗ ಗೊತ್ತಾಗುತ್ತದೆ.

ಎರಡು ಗಂಡು ಒಟ್ಟಿಗಿಟ್ಟರೆ ಇಷ್ಟು ಕಾಯಬೇಕಿಲ್ಲ, ರಕ್ತವೇ ಹರಿಯುತ್ತದೆ. ಗಂಡು ಹೆಣ್ಣು ಇಟ್ಟರೆ ಮರಿಗಳ ಸಾಲು ಶುರು, ಪದೇ ಪದೇ ಎರಡೆರಡು ಮೊಟ್ಟೆ ಇಟ್ಟು ಹೆಣ್ಣು ಸೊರಗುತ್ತದೆ. ಇಷ್ಟು ಸಾಲದು ಅಂತ, ಅವುಗಳ ನಡುವೆ ವಿಚಿತ್ರವಾದ ಒಂದು ಜಗಳವೂ ಇದೆ. ಎದುರಿಗಿರುವುದು ಗಂಡೋ ಹೆಣ್ಣೋ ಎಂದು ಗಂಡು ಗೆಕ್ಕೊ ತಿಳಿಯುವುದು ಮುಖ್ಯವಾಗಿ ಚರ್ಮದ ವಾಸನೆಯಿಂದ. ನಾಲಗೆಯಿಂದ ನೆಕ್ಕಿ, ಆ ರಾಸಾಯನಿಕವನ್ನು ಬಾಯಿಯ ಮೇಲ್ಭಾಗದಲ್ಲಿರುವ ಒಂದು ಅಂಗಕ್ಕೆ ಮುಟ್ಟಿಸುತ್ತದೆ. ಹೆಣ್ಣು ಅನ್ನಿಸಿದರೆ ಬಾಲದ ತುದಿಯನ್ನು ಪಟಪಟ ಅಲುಗಿಸುತ್ತಾ ಹತ್ತಿರ ಬರುತ್ತದೆ. ಗಂಡು ಅನ್ನಿಸಿದರೆ ಮೈ ಎತ್ತರಿಸಿ ಮೇಲೇರಿ ಹೋಗುತ್ತದೆ. ಹೆಣ್ಣು ಪೊರೆ ಬಿಡುವಾಗ ಈ ಲೆಕ್ಕ ತಪ್ಪುತ್ತದೆ. ರಾಬರ್ಟ್ ಮೇಸನ್ ಮತ್ತು ವಿಲಿಯಂ ಗಟ್ಸ್‌ಕೆ ಎಂಬ ಸಂಶೋಧಕರು 1990ರಲ್ಲಿ ಇದನ್ನು ತೋರಿಸಿದರು. ಪೊರೆ ಬಿಡುವ ಮುಂಚೆ ಮತ್ತು ಆಮೇಲೆ ಯಾವ ಹೆಣ್ಣಿನ ಹಿಂದೆ ಗಂಡು ಸುತ್ತುತ್ತಿತ್ತೋ, ಪೊರೆ ಬಿಡುವ ಹೊತ್ತಿಗೆ ಅದನ್ನೇ ಕಚ್ಚಲು ಹೋಯಿತು. ವಾಸನೆಯ ಗುರುತು ಇಲ್ಲದಿದ್ದಾಗ ಹೆಂಡತಿಯೂ ಅದಕ್ಕೆ ಎದುರಾಳಿಯೇ! ಪೊರೆ ಬಿಡುವುದು ಒಂದೆರಡು ತಿಂಗಳಿಗೊಮ್ಮೆ ನಡೆಯುವ ಕೆಲಸ.

ಹಾಗಾದರೆ ಎರಡು ಹೆಣ್ಣು? ಇದ್ದುದರಲ್ಲಿ ಕಡಿಮೆ ಅಪಾಯ, ಆದರೆ ಗ್ಯಾರಂಟಿ ಇಲ್ಲ. ಮರಿಯಲ್ಲಿ ಹೆಣ್ಣೆಂದು ತಂದದ್ದು ಬೆಳೆದ ಮೇಲೆ ಹಿಂಗಾಲುಗಳ ನಡುವೆ ‘ವಿ’ ಆಕಾರದಲ್ಲಿ ರಂಧ್ರಗಳ ಸಾಲು ಮೂಡಿಸಿಕೊಂಡು ಗಂಡಾಗಿ ನಿಲ್ಲಬಹುದು. ನಿಜವಾದ ಹೆಣ್ಣುಗಳಲ್ಲೂ ಸ್ವಭಾವ ಒಂದೇ ಅಲ್ಲ. ಗೆಕ್ಕೊ ಗಂಡೋ ಹೆಣ್ಣೋ ಅನ್ನುವುದನ್ನು ತೀರ್ಮಾನಿಸುವುದು ಮೊಟ್ಟೆಗೆ ಸಿಕ್ಕ ಶಾಖ. 26 ಡಿಗ್ರಿ ಹತ್ತಿರ ಬಹುಪಾಲು ಹೆಣ್ಣು, 32.5ರಲ್ಲಿ ಹೆಚ್ಚಿನವು ಗಂಡು, 34 ದಾಟಿದರೆ ಮತ್ತೆ ಹೆಣ್ಣೇ ಜಾಸ್ತಿ. ಹೆಚ್ಚು ಶಾಖದಲ್ಲಿಟ್ಟ ಮೊಟ್ಟೆಯೊಡೆದು ಬಂದ ಹೆಣ್ಣುಗಳು ಜಗಳಗಂಟಿಯರು ಅನ್ನುವುದು ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಕ್ರೂಸ್ ತಂಡ ಕಂಡುಕೊಂಡ ವಿಷಯ. ಮರಿ ಕೊಡುವವರನ್ನು ಮೊಟ್ಟೆ ಎಷ್ಟು ಡಿಗ್ರಿಯಲ್ಲಿ ಇಟ್ಟಿದ್ದಿರಿ ಅಂತ ಸುಮ್ನೆ ಕೇಳಿ ನೋಡಿ. ಲೆಕ್ಕ ಇಟ್ಟವರು ಥಟ್ಟನೆ ಹೇಳುತ್ತಾರೆ.

ಜಗಳಕ್ಕಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ಕ್ರಿಪ್ಟೊಸ್ಪೊರಿಡಿಯಂ ಎಂಬ ಕರುಳಿನ ಪರಾವಲಂಬಿ. ಇದು ಹತ್ತಿದರೆ ಗೆಕ್ಕೊ ಬಾಲ ಕಡ್ಡಿಯಾಗಿ ಸಾಯುವುದುಂಟು, ಖಚಿತವಾದ ಮದ್ದು ಇಲ್ಲ. ಹಿಕ್ಕೆಯಿಂದ ಹರಡುತ್ತದೆ, ಮನೆಯಲ್ಲಿ ಬಳಸುವ ಬ್ಲೀಚಿಗೂ ಜಗ್ಗುವುದಿಲ್ಲ. ನೋಡಲು ಗಟ್ಟಿಮುಟ್ಟಾಗಿರುವ ಗೆಕ್ಕೊದಲ್ಲೂ ಇರಬಹುದು. ಹಿಕ್ಕೆಯಲ್ಲಿ ದಿನವೂ ಕಾಣಿಸಿಕೊಳ್ಳದ ಕಾರಣ ಒಂದು ಸಲದ ಪರೀಕ್ಷೆಯನ್ನು ನಂಬುವಂತಿಲ್ಲ. ಅದಕ್ಕೇ ಹೊಸದನ್ನು ಎರಡು ಮೂರು ತಿಂಗಳು ಬೇರೆ ಕೋಣೆಯಲ್ಲಿ, ಬರೀ ಪೇಪರ್ ಟವಲ್ ಹಾಸಿದ ಟ್ಯಾಂಕಿನಲ್ಲಿ ಇಡಬೇಕು. ಹಿಕ್ಕೆ ಹೇಗಿದೆ ಅಂತ ಅಲ್ಲಿ ಚೆನ್ನಾಗಿ ಕಾಣುತ್ತದೆ. ಚಿಮಟ, ನೀರಿನ ಬಟ್ಟಲು ಎಲ್ಲ ಬೇರೆ. ಮೊದಲು ಹಳೆಯದರ ಕೆಲಸ ಮುಗಿಸಿ ಆಮೇಲೆ ಹೊಸದರ ಹತ್ತಿರ ಹೋಗಿ, ಕೈ ತೊಳೆಯಿರಿ. ಹೊಸದು ತಿನ್ನದೆ ಬಿಟ್ಟ ಹುಳುವನ್ನು ಹಳೆಯದಕ್ಕೆ ಹಾಕಬೇಡಿ. ಎಲ್ಲರೂ ಎಡವುವುದು ಇಲ್ಲೇ.

ಈ ಎರಡು ಮೂರು ತಿಂಗಳು ಮುಗಿದ ಮೇಲೂ ಟ್ಯಾಂಕ್ ಎರಡೇ. ಶಾಖವನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟೂ ಎರಡು ಬೇಕು, ಯಾಕೆಂದರೆ ಒಂದರ ಸೆನ್ಸರ್ ಅಳೆಯುವುದು ತಾನಿರುವ ಟ್ಯಾಂಕಿನ ಶಾಖವನ್ನು ಮಾತ್ರ. ಚೆನ್ನಾಗಿ ನೋಡಿಕೊಂಡರೆ ಇವು 15ರಿಂದ 20 ವರ್ಷ ಬದುಕುತ್ತವೆ, ಅಷ್ಟೂ ವರ್ಷ ಈ ಖರ್ಚು, ಈ ಜಾಗ ಎರಡಕ್ಕೂ ಸಲ್ಲಬೇಕು. ಅಕ್ಕಪಕ್ಕ ಇಡಬಹುದು. ಆದರೆ ಗಾಜಿನಾಚೆಯದನ್ನು ನೋಡಿ ಒಂದು ಬಾಲ ಎತ್ತಿ ನಿಧಾನವಾಗಿ ಆಡಿಸತೊಡಗಿದರೆ ಅದು ಬೆದರಿಕೆ. ನಡುವೆ ಒಂದು ರಟ್ಟು ನಿಲ್ಲಿಸಿ.